ಸರೀಕರ ಕೆಂಪು ಶಾಯಿಗೆ ಹೆದರದ ಕನ್ನಡ ಬೇಕು

(ಬೆಂಗಳೂರಿನ ಕನ್ನಡ ಯುವಕರ ಶಿಬಿರವೊಂದರಲ್ಲಿ ಅಚ್ಚುಕೂಟದ ಮಾಲೀಕರೊಬ್ಬರು 'ವಿಜ್ಞಾನದಲ್ಲಿ ಕನ್ನಡ' ಎಂಬ ವಿಷಯ ಕುರಿತು ಆಡಿದ ಮಾತುಗಳ ಬರಹರೂಪ)



ಈ ವೇದಿಕೆಯ ಮೇಲೆ ಕುಳಿತವರಲ್ಲಿ ಅತಿ ಕಡಿಮೆ ಓದಿದವನು ನಾನು. ಪಿಯುಸಿ ಮುಗಿಸಿ ಅಪ್ಪನ ಅಚ್ಚುಕೂಟದ ಮೆಟ್ಟಿಲು ಹತ್ತಿದವನು ಇವತ್ತಿಗೂ ಇಳಿದಿಲ್ಲ. ಮೊಳೆ ಜೋಡಿಸುವ ಕಾಲದ ಕೊನೆಯನ್ನೂ ಕಂಡೆ, ಆಫ್‌ಸೆಟ್ಟಿನ ಕಾಲವನ್ನೂ ಕಂಡೆ. ನಾಮಫಲಕದ ಬಗ್ಗೆ, ಬ್ಯಾಂಕಿನ ಚಲನ್ನಿನ ಬಗ್ಗೆ, ಉದ್ಯೋಗದ ಬಗ್ಗೆ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಬೇರೆಯೇ ಒಂದು ಸಂಗತಿ ಹೇಳುತ್ತೇನೆ. ಮನೋವೈದ್ಯರ ಸಂಶೋಧನಾ ಪತ್ರಿಕೆಗೆ ಒಂದು ಲೇಖನ ಹೇಗೆ ಹೋಗುತ್ತದೆ, ಅದನ್ನು ಯಾರು ಓದಿ ಒಪ್ಪುತ್ತಾರೆ, ಅದರಲ್ಲಿ ಕನ್ನಡಿಗನ ಪಾಲೇನು ಎಂಬುದು ನನ್ನ ವಿಷಯ.

ಪ್ರೆಸ್ಸಿನವನಿಗೆ ಇದೆಲ್ಲ ಯಾಕೆ ಅಂತ ನಗಬೇಡಿ. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಮನೋವೈದ್ಯರ ಪ್ರಬಂಧಗಳನ್ನು, ಸಮ್ಮೇಳನದ ಸ್ಮರಣ ಸಂಚಿಕೆಗಳನ್ನು, ರೋಗಿಗಳ ಕೈಗೆ ಕೊಡುವ ಒಪ್ಪಿಗೆ ಪತ್ರಗಳನ್ನು ಅಚ್ಚು ಹಾಕಿದ್ದೇನೆ. ಪ್ರೂಫು ಓದುವವನು ಒಳಗಿನ ವಿಷಯಕ್ಕೆ ಕಣ್ಣು ಮುಚ್ಚಿಕೊಳ್ಳಲು ಆಗುವುದಿಲ್ಲ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ.

ಓದಿ ನೋಡಿದವರು ಯಾರು?

ಅನೇಕ ವರ್ಷಗಳ ಹಿಂದೆ ಒಂದು ಚಿಕ್ಕ ಪುಸ್ತಿಕೆ ನನ್ನಲ್ಲಿಗೆ ಅಚ್ಚಿಗೆ ಬಂತು. ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಇಪ್ಪತ್ನಾಲ್ಕು ಪುಟ. ಬರೆದವರು ಒಳ್ಳೆಯ ಮನುಷ್ಯರು, ಕನ್ನಡಾಭಿಮಾನಿಗಳು, ಆದರೆ ವೈದ್ಯರಲ್ಲ. ಕನ್ನಡದ ಕೆಲಸವೆಂದು ನಾನು ಕಾಗದದ ದುಡ್ಡು ಮಾತ್ರ ತೆಗೆದುಕೊಂಡೆ. ಸಾವಿರ ಪ್ರತಿ ಹೋಯಿತು. ಎಲ್ಲರೂ ಬೆನ್ನು ತಟ್ಟಿದರು.

ಆರು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಆ ಪುಸ್ತಿಕೆ ಹಿಡಿದುಕೊಂಡು ಪ್ರೆಸ್ಸಿಗೆ ಬಂದರು. ಹಿಂದಿನ ರಕ್ಷಾಪುಟದಲ್ಲಿ ನಮ್ಮ ವಿಳಾಸ ಇತ್ತಲ್ಲ. 'ಗುಣ ಕಂಡ ಕೂಡಲೇ ಮಾತ್ರೆ ನಿಲ್ಲಿಸಿಬಿಡಬಹುದು' ಎಂಬ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಅವರ ತಮ್ಮನಿಗೆ ಚಿತ್ತವಿಕಲತೆ. ಆ ಹುಡುಗ ಇದನ್ನು ಓದಿ ಮಾತ್ರೆ ಬಿಟ್ಟ. ಕಾಯಿಲೆ ಮತ್ತೆ ಮರುಕಳಿಸಿ ಆಸ್ಪತ್ರೆ ಸೇರಿದ್ದ. ಆ ಕಾಯಿಲೆಯಲ್ಲಿ ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟರೆ ಹೀಗಾಗುವ ಅಪಾಯ ಹೆಚ್ಚೆಂದು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಿದ್ದರು. ನಾವು ಕೇಳಲಿಲ್ಲ. ಆ ತಾಯಿ ಕಿರುಚಲಿಲ್ಲ, ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಸ್ವಾಮಿ, ಅಚ್ಚು ಹಾಕೋಕೆ ಮುಂಚೆ ಇದನ್ನ ತಿಳಿದವರು ಯಾರಾದರೂ ಓದಿ ನೋಡಿದ್ರಾ?"

ನನ್ನಲ್ಲಿ ಉತ್ತರ ಇರಲಿಲ್ಲ. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ತಿದ್ದಿದ್ದೆ. ಪುಸ್ತಿಕೆಯಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲ. ಜೀವಕ್ಕೆ ಮುಟ್ಟುವ ತಪ್ಪು ಮಾತ್ರ ಹಾಗೇ ಅಚ್ಚಾಗಿತ್ತು!

ಅವತ್ತಿನಿಂದ ನಮ್ಮಲ್ಲಿಗೆ ಬರುವ ವೈದ್ಯರನ್ನೆಲ್ಲ ಕೇಳತೊಡಗಿದೆ: ನಿಮ್ಮ ಪತ್ರಿಕೆಗಳಲ್ಲಿ ಅಚ್ಚಿಗೆ ಮುಂಚೆ ಓದುವವರು ಯಾರು?

ಲೇಖನದ ದಾರಿ

ಅವರು ಹೇಳಿದ್ದು ಹೀಗೆ. ಸಂಶೋಧನೆ ಮಾಡಿದವರು ಹಸ್ತಪ್ರತಿ ಸಿದ್ಧಮಾಡುತ್ತಾರೆ. ಲೇಖಕರ ಹೆಸರು, ಊರು, ಸಂಸ್ಥೆ ಒಂದು ಬೇರೆ ಹಾಳೆಯಲ್ಲಿ. ಲೇಖನದ ಪ್ರತಿಯಲ್ಲಿ ಎಷ್ಟೋ ಪತ್ರಿಕೆಗಳು ಹೆಸರೇ ಇರಬಾರದು ಎನ್ನುತ್ತವೆ. ಯಾಕೆ ಮಾಡಿದಿರಿ, ಹೇಗೆ ಮಾಡಿದಿರಿ, ಏನು ಸಿಕ್ಕಿತು, ಅದರ ಅರ್ಥವೇನು, ಇದೇ ಕ್ರಮದಲ್ಲಿ ಹೇಳಬೇಕು. ನೈತಿಕ ಸಮಿತಿಯ ಅನುಮತಿ ಪಡೆದಿರಾ? ರೋಗಿಯ ಒಪ್ಪಿಗೆ ಇದೆಯಾ? ಔಷಧ ಕಂಪನಿಯಿಂದ ಹಣ ಬಂದಿದೆಯಾ? ಇದಕ್ಕೆಲ್ಲ ಲಿಖಿತ ಉತ್ತರ ಕೊಡಬೇಕು. ಒಂದೇ ಲೇಖನವನ್ನು ಒಂದೇ ಸಲ ಎರಡು ಪತ್ರಿಕೆಗೆ ಕಳಿಸುವುದು ದೊಡ್ಡ ಅಪರಾಧ.

ಮೊದಲು ಸಂಪಾದಕರು ನೋಡುತ್ತಾರೆ. ಎಷ್ಟೋ ಲೇಖನ ಅವರ ಮೇಜಿನಿಂದಲೇ ವಾಪಸ್. ಉಳಿದದ್ದು ಸಾಮಾನ್ಯವಾಗಿ ಅದೇ ವಿಷಯದಲ್ಲಿ ಕೆಲಸಮಾಡಿದ ಇಬ್ಬರು, ಮೂವರು ತಜ್ಞರ ಬಳಿ ಹೋಗುತ್ತದೆ. ಇದನ್ನೇ ಪೀರ್ ರಿವ್ಯೂ ಎನ್ನುತ್ತಾರೆ. ನಮ್ಮ ಹಳ್ಳಿಯ ಮಾತಿನಲ್ಲಿ 'ಸರೀಕರು' ಅನ್ನುವುದಿಲ್ಲವೇ, ಅದೇ. ಸರೀಕರ ತಪಾಸಣೆ. ಈ ತಪಾಸಣೆಗೆ ಸಾಮಾನ್ಯವಾಗಿ ಸಂಬಳವಿಲ್ಲ. ಓದಿದ್ದನ್ನು ಹೊರಗೆ ಆಡಬಾರದು, ಕದಿಯಬಾರದು. ಲೇಖಕ ನೆಂಟನೋ ಶತ್ರುವೋ ಆಗಿದ್ದರೆ "ನನಗೆ ಬೇಡ" ಎಂದು ವಾಪಸ್ ಕೊಡಬೇಕು. ಕೊನೆಗೆ ನಾಲ್ಕು ತೀರ್ಪು: ಒಪ್ಪಿದೆ, ಸ್ವಲ್ಪ ತಿದ್ದಿ, ಬಹಳ ತಿದ್ದಿ, ಬೇಡ. ತಿದ್ದಿ ಎಂದರೆ ಲೇಖಕ ಒಂದೊಂದು ಆಕ್ಷೇಪಕ್ಕೂ ಒಂದೊಂದು ಉತ್ತರ ಬರೆದು ಕಳಿಸಬೇಕು. ಮೊದಲ ಸಲವೇ ತಿದ್ದುಪಡಿಯಿಲ್ಲದೆ ಒಪ್ಪುವುದು ಅಪರೂಪವಂತೆ.

ನಮ್ಮಲ್ಲಿ ಕವಿಗೋಷ್ಠಿಯಲ್ಲಿ ಒಂದು ಪದ ಬದಲಿಸಿ ಅಂದರೆ ಮೂರು ವರ್ಷ ಮಾತು ಬಿಡುವವರಿದ್ದಾರೆ! ಐನ್‌ಸ್ಟೀನ್ ಅಂಥವರಿಗೂ ಈ ಸಿಟ್ಟು ಬಂದಿತ್ತು. ೧೯೩೬ರಲ್ಲಿ ಅಮೆರಿಕದ 'ಫಿಸಿಕಲ್ ರಿವ್ಯೂ' ಪತ್ರಿಕೆ ಅವರ ಲೇಖನವನ್ನು ಇನ್ನೊಬ್ಬರಿಗೆ ತೋರಿಸಿತೆಂದು ಕೋಪಿಸಿಕೊಂಡು ಲೇಖನ ವಾಪಸ್ ಪಡೆದರು. ಆಮೇಲೆ ನೋಡಿದರೆ ತಪಾಸಣೆ ಮಾಡಿದವನೇ ಸರಿ. ಬೇರೆ ಪತ್ರಿಕೆಯಲ್ಲಿ ಅಚ್ಚಾಗುವಾಗ ಲೇಖನದ ತೀರ್ಮಾನವೇ ಬದಲಾಗಿತ್ತು.

ಇದು ವೇದಕಾಲದ ಪದ್ಧತಿಯೇನಲ್ಲ. ವಿಜ್ಞಾನ ಪತ್ರಿಕೆ ಲಂಡನ್ನಿನಲ್ಲಿ ೧೬೬೫ರಲ್ಲೇ ಹುಟ್ಟಿತು. ಆದರೆ 'ನೇಚರ್' ಪತ್ರಿಕೆ ಎಲ್ಲ ಲೇಖನಕ್ಕೂ ಹೊರಗಿನ ತಪಾಸಣೆ ಕಡ್ಡಾಯ ಮಾಡಿದ್ದು ೧೯೭೩ರಲ್ಲಿ. ನಮ್ಮ ದೇಶದ ಮನೋವೈದ್ಯರ ಸಂಘ ೧೯೪೭ರಲ್ಲಿ ಹುಟ್ಟಿತು, ಅದರ ಪತ್ರಿಕೆ ೧೯೪೯ರಲ್ಲಿ ಶುರುವಾಗಿ ೧೯೫೮ರಿಂದ 'ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ' ಎಂಬ ಹೆಸರು ಹೊತ್ತಿದೆ. ಇಂಗ್ಲಿಷಿನವರೂ ಕಲಿತೇ ಬಂದದ್ದು. ಕನ್ನಡಕ್ಕೆ ಆಗುವುದಿಲ್ಲ ಎನ್ನುವವರು ಇದನ್ನು ನೆನಪಿಡಬೇಕು.

ತಪಾಸಣೆಯಲ್ಲೂ ತೂತು

ಹಾಗಾದರೆ ಈ ಸರೀಕರ ತಪಾಸಣೆ ಅಪರಂಜಿಯೇ? ಅಲ್ಲ. ಆ ಜನರ ದೊಡ್ಡತನ ಎಂದರೆ ತಮ್ಮ ತೂತನ್ನು ತಾವೇ ಅಳೆದು ಅಚ್ಚು ಹಾಕುತ್ತಾರೆ.

೧೯೮೨ರಲ್ಲಿ ಪೀಟರ್ಸ್ ಮತ್ತು ಸೆಸಿ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆ ಪ್ರಕಟಿಸಿದರು. ಆಗಲೇ ಅಚ್ಚಾಗಿದ್ದ ೧೨ ಲೇಖನಗಳನ್ನು ತೆಗೆದುಕೊಂಡು, ದೊಡ್ಡ ವಿಶ್ವವಿದ್ಯಾಲಯಗಳ ಹೆಸರು ಅಳಿಸಿ, ಇಲ್ಲದ ಹೆಸರು, ಇಲ್ಲದ ಸಂಸ್ಥೆ ಹಾಕಿ, ಅದೇ ಪತ್ರಿಕೆಗಳಿಗೆ ಮತ್ತೆ ಕಳಿಸಿದ್ದರು. ಮೂರು ಮಾತ್ರ ಸಿಕ್ಕಿಬಿದ್ದವು. ಉಳಿದ ೯ರಲ್ಲಿ ೮ನ್ನು 'ಬೇಡ' ಎಂದು ತಿರಸ್ಕರಿಸಿದರು! ತಮ್ಮದೇ ಪತ್ರಿಕೆ ಹಿಂದೆ ಒಪ್ಪಿದ್ದ ಲೇಖನ. ಊರು, ಹೆಸರು ಸಣ್ಣದಾದ ಕೂಡಲೇ ಬೇಡವಾಯಿತು. ಬೆಂಗಳೂರಿನಲ್ಲಿ ಕನ್ನಡ ಮಾಧ್ಯಮದ ಹುಡುಗ ಸಂದರ್ಶನಕ್ಕೆ ಹೋದಾಗ ಆಗುವುದೂ ಇದೇ ತಾನೆ?

ಇನ್ನೊಂದು. ಬ್ರಿಟಿಷ್ ಮನೋವೈದ್ಯ ಪತ್ರಿಕೆ ತನ್ನ ತಪಾಸಕರ ಮೇಲೇ ಮಾಡಿದ ಪ್ರಯೋಗವೊಂದನ್ನು ೨೦೦೦ದಲ್ಲಿ ಪ್ರಕಟಿಸಿತು. ಕೆಲವರು ಸಹಿ ಹಾಕಿ ಅಭಿಪ್ರಾಯ ಬರೆಯಬೇಕು, ಕೆಲವರು ಹೆಸರಿಲ್ಲದೆ. ಸಹಿ ಹಾಕಿದವರ ಬರಹ ಹೆಚ್ಚು ಗುಣಮಟ್ಟದ್ದು, ಹೆಚ್ಚು ಸಭ್ಯವಾದದ್ದು ಎಂದು ಕಂಡುಬಂತು. ಸಮಯ ಮಾತ್ರ ಜಾಸ್ತಿ ಹಿಡಿಯಿತು. ಮರೆಯಲ್ಲಿ ನಿಂತು ಕಲ್ಲು ಹೊಡೆಯುವವನಿಗೂ ಎದುರಿಗೆ ನಿಂತು ಮಾತಾಡುವವನಿಗೂ ಇರುವ ವ್ಯತ್ಯಾಸ ಇದು. ನಮ್ಮ ಚಳವಳಿಯ ಒಳಜಗಳಕ್ಕೂ ಇದು ಪಾಠ.

ಮೂರನೆಯದು ಕಹಿ. ಪ್ಯಾರೊಕ್ಸೆಟಿನ್ ಎಂಬ ಮಾತ್ರೆ ಖಿನ್ನತೆಯಿರುವ ಹದಿಹರೆಯದವರಿಗೆ ಒಳ್ಳೆಯದು, ಅಪಾಯವಿಲ್ಲ ಎಂದು ೨೦೦೧ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಪತ್ರಿಕೆಯಲ್ಲಿ ೨೨ ಲೇಖಕರ ಲೇಖನ ಬಂತು. ತಪಾಸಣೆ ದಾಟಿ ಬಂದ ಲೇಖನವೇ. ಹಣ ಹಾಕಿದ್ದು ಆ ಮಾತ್ರೆ ಮಾರುವ ಕಂಪನಿಯೇ. ಹದಿನೆಂಟಕ್ಕಿಂತ ಚಿಕ್ಕವರಿಗೆ ಆ ಮಾತ್ರೆಯನ್ನು ಕಾನೂನು ಮೀರಿ ಪ್ರಚಾರ ಮಾಡಿದ್ದು ಸೇರಿ ಹಲವು ಆರೋಪಗಳಿಗೆ ಆ ಕಂಪನಿ ೨೦೧೨ರಲ್ಲಿ ೩೦೦ ಕೋಟಿ ಡಾಲರ್ ತೆರಲು ಒಪ್ಪಿತು. ೨೦೧೫ರಲ್ಲಿ ಬೇರೆ ಸಂಶೋಧಕರು ಹಳೆಯ ದಾಖಲೆಗಳನ್ನೇ ಮತ್ತೆ ಲೆಕ್ಕಹಾಕಿ ನೋಡಿದರು. ಆ ಮಾತ್ರೆಯಿಂದ ಹೇಳಿದ ಲಾಭವಿಲ್ಲ, ಆತ್ಮಹತ್ಯೆಯ ಯೋಚನೆಯಂಥ ಹಾನಿ ಹೆಚ್ಚು ಎಂದು ಬರೆದರು.

ಅಂದರೆ, 'ಓದಿ ನೋಡಿದವರು ಯಾರು' ಎಂದು ಕೇಳಿದರೆ ಸಾಲದು. ಅವರಿಗೆ ಏನನ್ನು ತೋರಿಸಿದರು, ಏನನ್ನು ತೋರಿಸಲಿಲ್ಲ ಎಂದೂ ಕೇಳಬೇಕು.

'ತಲೆ ಬಿಸಿ' ಎಂದರೆ ಜ್ವರವೇ?

ಈಗ ಕನ್ನಡದ ವಿಷಯಕ್ಕೆ ಬರುತ್ತೇನೆ.

ಜಿಲ್ಲಾ ಊರಿನಲ್ಲಿ ಕೆಲಸಮಾಡುವ ಒಬ್ಬ ಯುವ ಮನೋವೈದ್ಯರು ಆಗಾಗ ನಮ್ಮಲ್ಲಿಗೆ ಬರುತ್ತಿದ್ದರು. ಹಳ್ಳಿಯ ಹೆಂಗಸರನ್ನು ಮಾತಾಡಿಸಿ, ಅವರು ತಮ್ಮ ದುಃಖವನ್ನು ಯಾವ ಮಾತಿನಲ್ಲಿ ಹೇಳುತ್ತಾರೆಂದು ಬರೆದುಕೊಂಡಿದ್ದರು. 'ತಲೆ ಬಿಸಿ', 'ಎದೆ ಡವಡವ', 'ಮೈಯೆಲ್ಲ ಉರಿ', 'ಕೈಕಾಲು ಜೋಮು', 'ಜೀವಕ್ಕೆ ಸಮಾಧಾನ ಇಲ್ಲ'. ಯಾವ ಹೆಂಗಸೂ 'ನನಗೆ ಖಿನ್ನತೆ' ಎಂದಿರಲಿಲ್ಲ. ಆ ಪದ ನಿಘಂಟಿನದು, ಬಾಯಿಯದಲ್ಲ.

ಇಂಗ್ಲಿಷಿನಲ್ಲಿ ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದರು. ನಾಲ್ಕು ತಿಂಗಳ ನಂತರ ಬಂದ ಉತ್ತರವನ್ನು ನನಗೆ ತೋರಿಸಿದರು. ಮೊದಲ ಆಕ್ಷೇಪ, ಇಂಗ್ಲಿಷ್ ಹುಟ್ಟುಭಾಷೆಯವರಿಂದ ತಿದ್ದಿಸಿ. ಎರಡನೆಯದು, 'ತಲೆ ಬಿಸಿ' ಎಂದವರಿಗೆ ಜ್ವರ ಇತ್ತೇ ಎಂದು ಪರೀಕ್ಷೆ ಮಾಡಿದ್ದೀರಾ! ನಾವಿಬ್ಬರೂ ನಕ್ಕೆವು. ಆಮೇಲೆ ನಗು ನಿಂತಿತು. ಅವರು ಏನು ಮಾಡಿದರು ಗೊತ್ತೇ? ಕನ್ನಡದ ಮಾತುಗಳನ್ನೆಲ್ಲ ತೆಗೆದು, ಅಂಗೀಕೃತ ಪ್ರಶ್ನಾವಳಿಯ ಅಂಕಗಳನ್ನು ಮಾತ್ರ ಉಳಿಸಿ ಬೇರೆ ಪತ್ರಿಕೆಗೆ ಕಳಿಸಿದರು. ಅಲ್ಲಿ ಒಪ್ಪಿತು. ನನಗೆ ಧಾರವಾಡ ಪೇಡ ತಂದುಕೊಟ್ಟರು. ಅಚ್ಚಾದ ಲೇಖನದಲ್ಲಿ ನಾನು 'ಜೀವಕ್ಕೆ ಸಮಾಧಾನ ಇಲ್ಲ' ಎಂಬ ಮಾತು ಹುಡುಕಿದೆ. ಇರಲಿಲ್ಲ.

ಇದು ಆ ಒಬ್ಬ ತಪಾಸಕನ ತಪ್ಪೇ? ಅವನಿಗೆ ಕನ್ನಡ ಬರುವುದಿಲ್ಲ, ಅಷ್ಟೆ. ೨೦೦೧ರಲ್ಲಿ ವಿಕ್ರಮ್ ಪಟೇಲ್ ಮತ್ತು ಸುಮತಿಪಾಲ ಎಂಬ ಇಬ್ಬರು ಆರು ಪ್ರಮುಖ ಮನೋವೈದ್ಯ ಪತ್ರಿಕೆಗಳನ್ನು ಲೆಕ್ಕಹಾಕಿದರು. ಜಗತ್ತಿನ ಶೇ. ೯೦ಕ್ಕಿಂತ ಹೆಚ್ಚು ಜನ ಇರುವ ದೇಶಗಳಿಂದ ಬಂದ ಲೇಖನ ಶೇ. ೬ ಮಾತ್ರ! ತೂಗುವ ತಕ್ಕಡಿ ಎಲ್ಲಿದೆಯೋ ಅಲ್ಲಿನ ಕಲ್ಲೇ ತೂಕದ ಕಲ್ಲು.

ಪ್ರಶ್ನಾವಳಿಯ ಕಥೆಯೂ ಅದೇ. ಅಮೆರಿಕದ ಒಂದು ಪ್ರಸಿದ್ಧ ಖಿನ್ನತೆಯ ಪ್ರಶ್ನಾವಳಿಯಲ್ಲಿ 'ಬ್ಲೂಸ್' ಎಂಬ ಪದ ಇದೆ. ಅಲ್ಲಿ ಅದಕ್ಕೆ ಬೇಸರ ಎಂದರ್ಥ. ಪದಕ್ಕೆ ಪದ ಇಟ್ಟು ತಂದರೆ ನಮ್ಮ ಮಂಡ್ಯದ ರೈತನನ್ನು ನೀಲಿ ಬಣ್ಣದ ಬಗ್ಗೆ ಕೇಳಿದಂತೆ ಆಗುತ್ತದೆ. ಅದಕ್ಕೇ ಒಬ್ಬರು ಕನ್ನಡಕ್ಕೆ ತರಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ವಾಪಸ್ ತರಬೇಕು, ಎರಡನ್ನೂ ಹೋಲಿಸಬೇಕು ಎಂಬ ಪದ್ಧತಿ ಇದೆ. ಆದರೆ ಲೇಖನದಲ್ಲಿ 'ಕನ್ನಡಕ್ಕೆ ಅನುವಾದಿಸಿ ಬಳಸಲಾಯಿತು' ಎಂಬ ಒಂದು ಸಾಲು ಇದ್ದರೆ, ಆ ಕನ್ನಡ ಹೇಗಿತ್ತೆಂದು ಕನ್ನಡ ಬಾರದ ತಪಾಸಕ ಹೇಗೆ ನೋಡುತ್ತಾನೆ? ನಮ್ಮ ಪ್ರೆಸ್ಸಿಗೆ ಬರುವ ಎಷ್ಟೋ ಒಪ್ಪಿಗೆ ಪತ್ರಗಳ ಕನ್ನಡ ನನಗೇ ಅರ್ಥವಾಗುವುದಿಲ್ಲ. ಸಹಿ ಹಾಕುವ ಕೂಲಿಯವನಿಗೆ ಅರ್ಥವಾದೀತೇ? ಐಸಿಎಂಆರ್‌ನ ೨೦೧೭ರ ನಿಯಮಗಳು ರೋಗಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆಯಬೇಕೆನ್ನುತ್ತವೆ. ೨೦೧೭ರ ಮಾನಸಿಕ ಆರೋಗ್ಯ ಕಾಯ್ದೆ ತನ್ನ ಕಾಯಿಲೆಯ ವಿಷಯವನ್ನು ತಿಳಿಯುವ ಭಾಷೆಯಲ್ಲಿ ಪಡೆಯುವುದು ರೋಗಿಯ ಹಕ್ಕು ಎನ್ನುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು!

ಕಪ್ಪು ಪಟ್ಟಿ

ಅಪ್ಪನ ಕಾಲದಲ್ಲಿ ರೋಗಿಯ ಫೋಟೋ ಅಚ್ಚಿಗೆ ಬಂದರೆ ಕಣ್ಣಿನ ಮೇಲೆ ಕಪ್ಪು ಪಟ್ಟಿ ಹಾಕಿ ಬ್ಲಾಕು ಮಾಡಿಸುತ್ತಿದ್ದರು. ಗುರುತು ಮರೆಯಾಯಿತೆಂದು ನಂಬಿಕೆ. ಜಗತ್ತಿನ ವೈದ್ಯಪತ್ರಿಕೆಗಳ ಸಂಪಾದಕರ ಸಮಿತಿ ಈಗ ಸ್ಪಷ್ಟವಾಗಿ ಹೇಳುತ್ತದೆ, ಕಣ್ಣು ಮುಚ್ಚಿದರೆ ಸಾಲದು, ಗುರುತು ಸಿಗುವಂತಿದ್ದರೆ ರೋಗಿಯ ಲಿಖಿತ ಒಪ್ಪಿಗೆ ಬೇಕು ಎಂದು. ಮನೋವೈದ್ಯದಲ್ಲಂತೂ ಫೋಟೋನೇ ಬೇಡ. ಊರು, ಕಸುಬು, ಎಷ್ಟು ಮಕ್ಕಳು, ಏನಾಯಿತು ಎಂದು ಬರೆದರೆ ಊರವರಿಗೆ ಗೊತ್ತಾಗುತ್ತದೆ.

ಇಲ್ಲಿ ಒಂದು ಸತ್ಯ ನನಗೆ ಹೊಳೆಯಿತು. ಇಂಗ್ಲಿಷಿನಲ್ಲಿ ಬರೆದಾಗ ಆ ಹಳ್ಳಿಯ ಹೆಂಗಸು ತನ್ನ ಬಗ್ಗೆ ಬರೆದದ್ದನ್ನು ಜನ್ಮದಲ್ಲಿ ಓದುವುದಿಲ್ಲ. ಕನ್ನಡದಲ್ಲಿ ಬರೆದರೆ ಅವಳೂ ಓದುತ್ತಾಳೆ, ಅವಳ ಮಗಳೂ ಓದುತ್ತಾಳೆ, ಪಕ್ಕದ ಮನೆಯವರೂ ಓದುತ್ತಾರೆ. ಹಾಗಾಗಿ ಕನ್ನಡದಲ್ಲಿ ಬರೆಯುವುದು ಸುಲಭದ ದಾರಿ ಎಂದುಕೊಳ್ಳಬೇಡಿ. ಇಂಗ್ಲಿಷಿಗಿಂತ ಎರಡು ಪಟ್ಟು ಎಚ್ಚರ ಬೇಕು. "ನಾನು ಹೇಳಿದ್ದು ಇದಲ್ಲ" ಎಂದು ಎದ್ದುನಿಂತು ಹೇಳಬಲ್ಲ ಓದುಗಳು ಅಲ್ಲಿದ್ದಾಳೆ. ಅವಳಿಗಿಂತ ದೊಡ್ಡ ತಪಾಸಕ ಇನ್ನು ಯಾರು?

ಜಪಾನಿನಿಂದ ಕಲಿಯೋಣ

ಜಪಾನಿನ ಮನೋವೈದ್ಯರ ಸಂಘ ಹುಟ್ಟಿದ್ದು ೧೯೦೨ರಲ್ಲಿ. ಅಂದಿನಿಂದ ಅದರ ಪತ್ರಿಕೆ ಜಪಾನಿ ಭಾಷೆಯಲ್ಲಿ ನಡೆದುಬಂದಿದೆ. ಹೊರಗಿನವರಿಗಾಗಿ ಇಂಗ್ಲಿಷ್ ಪತ್ರಿಕೆಯೂ ಇದೆ. ಎರಡೂ ಇವೆ! ಅಲ್ಲಿ ಚಿತ್ತವಿಕಲತೆಗೆ ಮೊದಲಿದ್ದ ಹೆಸರಿಗೆ 'ಸೀಳಿದ ಮನಸ್ಸಿನ ಕಾಯಿಲೆ' ಎಂಬ ಅರ್ಥ ಬರುತ್ತಿತ್ತು. ರೋಗಿಗಳ ಮನೆಯವರ ಸಂಘಟನೆ ಆ ಹೆಸರು ಬೇಡವೆಂದು ಪಟ್ಟುಹಿಡಿಯಿತು. ೨೦೦೨ರಲ್ಲಿ ಹೆಸರು ಬದಲಾಯಿತು. ರೋಗಿಗೆ ಕಾಯಿಲೆಯ ಹೆಸರನ್ನು ನೇರವಾಗಿ ಹೇಳುವ ಪ್ರಮಾಣ ಮೂರೇ ವರ್ಷದಲ್ಲಿ ಸುಮಾರು ಶೇ. ೩೭ರಿಂದ ಶೇ. ೭೦ಕ್ಕೆ ಏರಿತು. ಒಂದು ಪದ ಬದಲಾದ್ದಕ್ಕೆ ಇಷ್ಟು ಫಲ. ಭಾಷೆ ಬರೀ ಅಭಿಮಾನದ ವಿಷಯ ಎನ್ನುವವರಿಗೆ ಇದನ್ನು ಹೇಳಿ.

ನಮ್ಮಲ್ಲಿ ಬೀಜ ಇಲ್ಲವೇ? 'ಕೊರವಂಜಿ' ಪತ್ರಿಕೆ ನಡೆಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ವೈದ್ಯರು. ಮನಸ್ಸಿನ ಶಾಸ್ತ್ರದ ಬಗ್ಗೆ ಅವರು ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಎಷ್ಟೊಂದು ಪುಸ್ತಕ ಬರೆದರು! ಬರೆಯುವವರು ಇದ್ದಾರೆ. ಬರೆದದ್ದನ್ನು ಸರೀಕರು ಕೂತು ತಿದ್ದುವ ಏರ್ಪಾಡು ಬೆಳೆಯಲಿಲ್ಲ.

ನಾವು ಮಾಡಬೇಕಾದ್ದು

ಇನ್ನೊಂದು ಪಾಪವನ್ನೂ ಹೇಳಿಬಿಡುತ್ತೇನೆ. ಬಡ್ತಿಗೆ ಲೇಖನ ಬೇಕೆಂಬ ನಿಯಮ ಬಂದಾಗ ಕೆಲವರು ದಿಢೀರ್ ಸಂಶೋಧನಾ ಪತ್ರಿಕೆ ಶುರುಮಾಡಿದರು. ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು. ಮುಖಪುಟದಲ್ಲಿ ಐಎಸ್‌ಎಸ್‌ಎನ್ ನಂಬರು. ಆ ನಂಬರು ವಾಹನದ ನೋಂದಣಿ ನಂಬರಿನ ಹಾಗೆ. ಗುರುತಿಗೆ ಮಾತ್ರ, ಗುಣಕ್ಕಲ್ಲ. ಅಂಥ ಒಂದರ ಎರಡು ಸಂಚಿಕೆಗಳನ್ನು ನಾನೂ ಅಚ್ಚು ಹಾಕಿದೆ. ಕನ್ನಡದ ಹೆಸರಿತ್ತು, ಒಳಗೆ ಕಸ ಇತ್ತು. ಆ ಹೆಣ್ಣುಮಗಳ ಪ್ರಶ್ನೆ ನೆನಪಾಗಿ ಮೂರನೆಯದನ್ನು ವಾಪಸ್ ಕಳಿಸಿದೆ.

ಮಿತ್ರರೇ, ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಕನ್ನಡಿಗ ರೋಗಿಗಳನ್ನು ಕೇಳಿ ಮಾಡಿದ ಪ್ರತಿ ಸಂಶೋಧನೆಗೂ ಒಂದು ಪುಟದ ಕನ್ನಡ ಸಾರಾಂಶ ಇರಬೇಕೆಂದು ನಮ್ಮ ನೆಲದ ಸಂಸ್ಥೆಗಳನ್ನು ಒತ್ತಾಯಿಸೋಣ. ಮಾತು ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ಧರ್ಮ.

ಎರಡು, ಬಳಸಿದ ಕನ್ನಡ ಪ್ರಶ್ನಾವಳಿಯನ್ನು ಲೇಖನದ ಜೊತೆಗೇ ಪ್ರಕಟಿಸಲಿ, ಕನ್ನಡ ಬಲ್ಲ ಒಬ್ಬರಾದರೂ ಅದನ್ನು ತಪಾಸಣೆ ಮಾಡಲಿ ಎಂದು ಸಂಪಾದಕರನ್ನು ಕೇಳೋಣ.

ಮೂರು, ನಿಮ್ಮಲ್ಲಿ ವೈದ್ಯಕೀಯ, ಮನಶ್ಶಾಸ್ತ್ರ, ನರ್ಸಿಂಗ್ ಓದುತ್ತಿರುವವರು ಇದ್ದೀರಿ. ಇಂಗ್ಲಿಷಿನಲ್ಲಿ ಬರೆಯಿರಿ, ತಪ್ಪಲ್ಲ. ಆದರೆ 'ತಲೆ ಬಿಸಿ'ಯನ್ನು ತೆಗೆದುಹಾಕಬೇಡಿ. ತಪಾಸಕ ಕೇಳಿದರೆ ವಿವರಿಸಿ. ನಾಳೆ ನೀವೇ ತಪಾಸಕರಾದಾಗ ಸಣ್ಣ ಊರಿನಿಂದ ಬಂದ ಲೇಖನವನ್ನು ಊರು ನೋಡಿ ಅಳೆಯಬೇಡಿ.

ನಾಲ್ಕು ನಮಗೇ. ಕನ್ನಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಹೊಗಳಬೇಡಿ. ಕೆಂಪು ಶಾಯಿ ಹಿಡಿದು ತಿದ್ದಿ, ಸಹಿ ಹಾಕಿ, ಗೌರವದಿಂದ ತಿದ್ದಿ. ಬೇರೆಯವರು ನಿಮ್ಮದನ್ನು ತಿದ್ದಿದರೆ ಮುನಿಸಿಕೊಳ್ಳಬೇಡಿ.

ನಮ್ಮ ಪ್ರೆಸ್ಸಿನಲ್ಲಿ ಈಗ ಆರೋಗ್ಯದ ಬಗ್ಗೆ ಯಾವ ಕನ್ನಡ ಪುಸ್ತಿಕೆ ಬಂದರೂ ಒಂದು ಷರತ್ತು ಇದೆ. ಆ ವಿಷಯದ ಇಬ್ಬರು ವೈದ್ಯರು ಓದಿ ಸಹಿ ಹಾಕಿದ ಪ್ರತಿ ಇಲ್ಲದೆ ಯಂತ್ರ ತಿರುಗುವುದಿಲ್ಲ. ಗಿರಾಕಿಗಳು ಹೋಗಿದ್ದಾರೆ, ಹೋಗಲಿ. ಆ ಹಳೆಯ ಪುಸ್ತಿಕೆಯ ಪೆನ್ಸಿಲ್ ಗೆರೆ ಎಳೆದ ಪ್ರತಿಯನ್ನು ಆ ತಾಯಿ ನನ್ನ ಮೇಜಿನ ಮೇಲೆ ಬಿಟ್ಟುಹೋದರು. ಇವತ್ತಿಗೂ ಅದು ಗಾಜಿನ ಕೆಳಗೇ ಇದೆ.

ಸಿರಿಗನ್ನಡಂ ಗೆಲ್ಗೆ!